ತುಮಕೂರಿನಲ್ಲಿ ಮನೆ ಪರವಾನಗಿ: ಕಡತ ಎಲ್ಲಿ ನಿಲ್ಲುತ್ತದೆ?

ಪಾಲಿಕೆಗೆ ಅರ್ಜಿ ಹಾಕುವ ಮೊದಲು ಟೇಪ್ ಹಿಡಿದು ನಿವೇಶನದ ನಾಲ್ಕೂ ಬದಿ ಅಳೆಯಿರಿ. ಉದಾಹರಣೆಗೆ, ಕ್ರಯಪತ್ರದಲ್ಲಿ 30×40 ಅಡಿ, ಇ-ಖಾತೆಯಲ್ಲೂ ಅಷ್ಟೇ, ಆದರೆ ಸ್ಥಳದಲ್ಲಿ ಮುಂಭಾಗ 29 ಅಡಿ. ಪಕ್ಕದ ಕಾಂಪೌಂಡ್ ಒಳಗೆ ಸರಿದಿರುತ್ತದೆ, ಇಲ್ಲವೇ ಚರಂಡಿಗೆ ಜಾಗ ಹೋಗಿರುತ್ತದೆ. ಸ್ಥಳ ತನಿಖೆಗೆ ಬರುವ ಎಂಜಿನಿಯರ್ ಇದ್ದದ್ದನ್ನೇ ಬರೆಯಬೇಕು, ಅದೇ ಸರಿ. ಹಾಗಾಗಿ ನಕ್ಷೆಯನ್ನು ಸ್ಥಳದ ಅಳತೆಗೇ ಬರೆಸಿ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಅದರ ಮೇಲೆ ಬಿಡಿಸಿ. ಚಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿ) ಕ್ರಯಪತ್ರಕ್ಕೆ ತಾಳೆ ನೋಡಿ.

ಇನ್ನೊಂದು ತೊಡಕು ಬಡಾವಣೆಯ ಮೂಲದ್ದು. ಕೃಷಿ ಜಮೀನಿಗೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಕೃಷಿಯೇತರ ಬಳಕೆಗೆ ಭೂಪರಿವರ್ತನೆ (ಕನ್ವರ್ಶನ್) ಆಗಬೇಕು. ಬಡಾವಣೆಯ ವಿನ್ಯಾಸಕ್ಕೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಬೇರೆಯೇ ಬೇಕು. “ಕನ್ವರ್ಶನ್ ಆಗಿದೆ ಸಾರ್, ಇನ್ನೇನೂ ಬೇಡ” ಎನ್ನುವ ಮಾತು ನಂಬಿ ದಯವಿಟ್ಟು ಮುಂಗಡ ಕೊಡಬೇಡಿ. ಎರಡೂ ಆದೇಶಗಳ ಪ್ರತಿ ಕೇಳಿ, ಸರ್ವೆ ನಂಬರ್ ಹೋಲಿಸಿ.

ಒಳಚರಂಡಿ ಜೋಡಣೆಗೆ ರಸ್ತೆ ಅಗೆಯಬೇಕಾದರೆ ಪರವಾನಗಿ ಪತ್ರ ಸಾಲದು, ರಸ್ತೆ ಕತ್ತರಿಸಲು ಪ್ರತ್ಯೇಕ ಅನುಮತಿ ಬೇಕು. ಅಗೆದ ಮಣ್ಣನ್ನು ಒಮ್ಮೆಲೇ ಸುರಿದು ಮುಚ್ಚಿದರೆ ಮೊದಲ ಮಳೆಗೇ ಕುಸಿಯುತ್ತದೆ. ಅರ್ಧ ಅಡಿಗೊಂದು ಪದರ ಹಾಕಿಸಿ, ನೀರು ಚಿಮುಕಿಸಿ ದಮ್ಮಸು ಮಾಡಿಸಿ.

ಮನೆ ಮುಗಿದ ಮೇಲೆ 1976ರ ಪೌರ ನಿಗಮಗಳ ಕಾಯ್ದೆಯ 310ನೇ ಕಲಂನಂತೆ ಪೂರ್ಣತಾ ವರದಿ ಕೊಟ್ಟು ವಾಸಕ್ಕೆ ಅನುಮತಿ ಪಡೆಯಬೇಕು. ಮಂಜೂರಾದ ನಕ್ಷೆ ಮೀರಿ ಬಾಲ್ಕನಿ ಚಾಚಿಸಿದ್ದರೆ ಅದು ಸಿಕ್ಕಿಬೀಳುವುದು ಇಲ್ಲೇ.