ಮೇಘದೂತ ಪ್ರಶಸ್ತಿ ನಮ್ಮ ಅಂಚೆಯಣ್ಣನಿಗೆ ಸಿಗಬೇಕು

ಅಕ್ಟೋಬರ್ ಬಂತೆಂದರೆ ಅಂಚೆ ಇಲಾಖೆಯಲ್ಲಿ ಪ್ರಶಸ್ತಿಗಳ ಮಾತು ಶುರು. ವಿಶ್ವ ಅಂಚೆ ದಿನ ಬರುವುದು 9ಕ್ಕೆ. 1874ರಲ್ಲಿ ಅದೇ ದಿನ ಬರ್ನ್ ನಗರದಲ್ಲಿ ವಿಶ್ವ ಅಂಚೆ ಒಕ್ಕೂಟಕ್ಕೆ ಸಹಿ ಬಿದ್ದಿತ್ತು. ನಮ್ಮ ದೇಶದ ಅಂಚೆಯವರಿಗೆ ಎಲ್ಲಕ್ಕಿಂತ ದೊಡ್ಡ ಗೌರವ ಮೇಘದೂತ ಪ್ರಶಸ್ತಿ. 1984ರಲ್ಲಿ ಶುರುವಾದದ್ದು. ಹಳ್ಳಿಯ ಶಾಖಾ ಅಂಚೆ ಕಚೇರಿಗಳಲ್ಲಿ ದುಡಿಯುವ ಗ್ರಾಮೀಣ ಡಾಕ್ ಸೇವಕರಿಗೆ ಅದರಲ್ಲಿ ಬೇರೆಯೇ ವಿಭಾಗ ಇದೆ.

ನಾನು ಕೊಡಗಿನ ಒಂದು ಉಪ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದವನು. ಮೇಘದೂತ ಅಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ನಮ್ಮ ಶಾಖೆಯೊಂದರ ಟಪಾಲು ಹಂಚುತ್ತಿದ್ದ ಅಂಚೆಯಣ್ಣ. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಸಂಕೋಚ ಪಡುತ್ತಾರೆ.

ಪಿನ್‌ಕೋಡ್‌ನಲ್ಲಿ 571 ನೋಡಿದರೆ ಮೈಸೂರು, ಮಂಡ್ಯ, ಕೊಡಗಿನ ಕಡೆಯ ಟಪಾಲು ಅಂತ ಗೊತ್ತಾಗುತ್ತದೆ. ಆರೂ ಅಂಕಿ ನೋಡಿದರೆ ಯಾವ ಕಚೇರಿ ಅಂತಲೂ ಗೊತ್ತಾಗುತ್ತದೆ. ಅಲ್ಲಿಂದ ಮುಂದಿನದು ಅಂಚೆಯಣ್ಣನ ತಲೆಯಲ್ಲೇ ಇರಬೇಕು. ಕೊಡವರಲ್ಲಿ ಮನೆಪೇರು, ಅಂದರೆ ಮನೆತನದ ಹೆಸರು ಮೊದಲು, ಆಮೇಲೆ ಹೆಸರು. ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು, ಒಂದೇ ಊರಲ್ಲಿ ಹತ್ತಾರು ಮನೆ. ಅದರಲ್ಲಿ ಪೂಣಚ್ಚ ಅಂತಲೇ ಮೂವರು! ಇವರು ಕವರ್ ಮೇಲಿನ ಕೈಬರಹ ನೋಡಿ, ‘ಇದು ಮೇಲಿನ ಮನೆಯವರದು, ಮಗಳು ಬರೆದದ್ದು’ ಅನ್ನುತ್ತಿದ್ದರು. ತಪ್ಪಿದ್ದು ನಾನು ನೋಡಿಲ್ಲ.

ನಮ್ಮಲ್ಲಿ ಸೈನ್ಯಕ್ಕೆ ಹೋದವರು ಜಾಸ್ತಿ ಅಲ್ವಾ. 1999ರ ಕಾರ್ಗಿಲ್ ಯುದ್ಧದ ತಿಂಗಳುಗಳಲ್ಲಿ ಬೆಳಗ್ಗೆ ಚೀಲ ಬಿಚ್ಚುವಾಗ ಅವರು ಮೊದಲು ಹುಡುಕುತ್ತಿದ್ದುದು ‘56 ಎಪಿಒ’ (ಸೇನೆಯ ಅಂಚೆ ಕಚೇರಿ) ಎಂದಿರುವ ಇನ್‌ಲ್ಯಾಂಡ್ ಪತ್ರಗಳನ್ನು. ಅವನ್ನು ಕಟ್ಟಿನ ಮೇಲೆ ಇಟ್ಟುಕೊಂಡು, ದಾರಿ ಸುತ್ತಾದರೂ ಆ ಮನೆಗಳಿಗೇ ಮೊದಲು ಹೋಗುತ್ತಿದ್ದರು. ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಪತ್ರ ಇಲ್ಲದ ದಿನವೂ ಗೇಟಿನ ಹತ್ತಿರ ನಿಂತು, ‘ಇವತ್ತು ಬಂದಿಲ್ಲ ಅಕ್ಕ, ರಸ್ತೆ ಸರಿ ಇಲ್ಲ ಅಂತೆ, ನಾಳೆ ನೋಡುವ’ ಅಂತ ಹೇಳಿಯೇ ಮುಂದೆ ಹೋಗುತ್ತಿದ್ದರು. ಸುಮ್ನೆ ದಾಟಿ ಹೋದರೆ ಒಳಗಿದ್ದವರಿಗೆ ಎಷ್ಟು ಭಯ ಆಗುತ್ತದೆ ಅನ್ನುವುದು ಅವರಿಗೆ ತಿಳಿದಿತ್ತು.

ಮಳೆಗಾಲದ ಕಷ್ಟ ಹೇಳಲೇಬೇಕು. ಜುಲೈಯಲ್ಲಿ ಬೆಂಕಿಕಡ್ಡಿ ಹತ್ತುವುದಿಲ್ಲ, ಚೀಲಕ್ಕೆ ಮುದ್ರೆ ಒತ್ತುವ ಅರಗು ಕರಗುವುದಿಲ್ಲ. ಅವರು ಪತ್ರಗಳನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅಂಗಿಯ ಒಳಗೆ ಹೊಟ್ಟೆಗೆ ಕಟ್ಟಿಕೊಂಡು ನಡೆಯುತ್ತಿದ್ದರು. ಕೊಡೆ ಹಿಡಿದರೂ ಚೀಲ ನೆನೆಯುತ್ತದೆ, ನಮ್ಮ ಮಳೆ ಅಂಥದ್ದು. ಕಾಲಿನ ಜಿಗಣೆ ಕೀಳುವುದು ಕೊನೆಯ ಮನೆ ಆದ ಮೇಲೆ. ತೋಟಕ್ಕೆ ಆನೆ ಬಂದಿದೆ ಅಂದರೆ ಬೇರೆ ದಾರಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮುಕ್ಕೋಡ್ಲು, ಮಕ್ಕಂದೂರು ಕಡೆ ಎಷ್ಟೋ ಮನೆಗಳು ಹೋದವು. ವಿಳಾಸ ಕಾಗದದ ಮೇಲಿದೆ, ಮನೆ ಇಲ್ಲ. ಯಾರು ಯಾವ ಪರಿಹಾರ ಕೇಂದ್ರದಲ್ಲಿದ್ದಾರೆ, ಯಾರು ಮಡಿಕೇರಿಯ ನೆಂಟರ ಮನೆಗೆ ಹೋಗಿದ್ದಾರೆ ಅಂತ ಅಂಚೆಯಣ್ಣ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಆಮೇಲೆ ಜಂಬೂರು, ಮದೆ, ಕರ್ಣಂಗೇರಿಯ ಹೊಸ ಮನೆಗಳಿಗೆ ಜನ ಹೋದಾಗ ಅದನ್ನೂ ಸೇರಿಸಿದರು. ಬ್ಯಾಂಕಿನ ಕಾಗದವೋ ಹೊಸ ಆಧಾರ್ ಕಾರ್ಡೋ ‘ವಿಳಾಸದಾರರು ಇಲ್ಲ’ ಅಂತ ವಾಪಸು ಹೋಗಿದ್ದರೆ, ಎಲ್ಲ ಕಳೆದುಕೊಂಡವರು ಇನ್ನೆಷ್ಟು ಅಲೆಯಬೇಕಿತ್ತು?

ನಮ್ಮ ಅಂಚೆಯಣ್ಣನಂಥ ಗ್ರಾಮೀಣ ಡಾಕ್ ಸೇವಕರಿಗೆ ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ ಅಂತ ಲೆಕ್ಕ. ಬದುಕಿಗೆ ಬೇರೆ ಆದಾಯವೂ ಇರಬೇಕು ಅನ್ನುತ್ತದೆ ನಿಯಮ. 65ಕ್ಕೆ ನಿವೃತ್ತಿ. ನನಗೆ ಬರುವಂಥ ಪಿಂಚಣಿ ಅವರಿಗೆ ಇಲ್ಲ. ಇದು ನನಗೆ ಇವತ್ತಿಗೂ ನೋವು.

ನಾನು ಇದ್ದ ಕಾಲದಲ್ಲಿ ಮೀಟಿಂಗ್‌ಗಳಲ್ಲಿ ಚಪ್ಪಾಳೆ ಬೀಳುತ್ತಿದ್ದುದು ಹೆಚ್ಚು ಖಾತೆ ತೆರೆದವರಿಗೆ, ಹೆಚ್ಚು ಗ್ರಾಮೀಣ ಅಂಚೆ ಜೀವ ವಿಮೆ ಮಾಡಿಸಿದವರಿಗೆ. ಅದೂ ಬೇಕು, ಇಲಾಖೆ ನಡೆಯಬೇಕಲ್ಲ. ಆದರೆ ಆ ನೋಟ್‌ಬುಕ್ಕನ್ನು ಯಾವ ಕಾಲಂನಲ್ಲಿ ತೋರಿಸುವುದು? ಅದು ಮೇಲಿನವರಿಗೆ ಗೊತ್ತಾಗಬೇಕಾದರೆ ಟಪಾಲು ಪಡೆದವರೇ ಬರೆಯಬೇಕು. ನಮ್ಮ ಅಂಚೆಯಣ್ಣನ ಬಗ್ಗೆ ನಾನು ಬರೆದಿದ್ದೇನೆ. ನಿಮ್ಮ ಊರಲ್ಲೂ ಇಂಥವರು ಇದ್ದರೆ ಏನು ಮಾಡಿದರು, ಯಾವಾಗ ಮಾಡಿದರು ಅಂತ ಒಂದು ಪುಟ ಬರೆಯಿರಿ. ಕಳಿಸಬೇಕಾದ ವಿಳಾಸ: ಅಂಚೆ ಅಧೀಕ್ಷಕರು, ಕೊಡಗು ವಿಭಾಗ, ಮಡಿಕೇರಿ 571201. ನಿಮ್ಮ ಅಂಚೆಯಣ್ಣನ ಕೈಯಲ್ಲೇ ಕೊಟ್ಟರೆ ಅವರೇ ತಂದು ಮುಟ್ಟಿಸುತ್ತಾರೆ.