ಊರಲ್ಲೇ ಮೆಡಿಕಲ್ ಕಾಲೇಜಿದೆ, ಸೀಟು ಯಾಕಿಲ್ಲ?

ಕೋಲಾರದಲ್ಲಿ ನನ್ನದೊಂದು ಸೈಬರ್ ಸೆಂಟರ್ ಇದೆ. ಮೆಡಿಕಲ್ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ನ ರಿಸಲ್ಟ್ ಬಂದ ವಾರ ಅಲ್ಲಿ ಕೂರಲು ಜಾಗ ಇರುವುದಿಲ್ಲ. ಬಂದವರಲ್ಲಿ ಬಹಳ ಜನ ಕೇಳುವುದು ಒಂದೇ. "ಅಣ್ಣಾ, ಇಲ್ಲೇ ಕೋಲಾರದ ಟಮಕದಲ್ಲೇ ಮೆಡಿಕಲ್ ಕಾಲೇಜಿದೆಯಲ್ಲ, ನಮ್ಮ ಮಗೂಗೆ ಅಲ್ಲೊಂದು ಸೀಟು ಸಿಗಲ್ವಾ? ನಾವು ಇಲ್ಲಿಯವರೇ ತಾನೇ?"

ಕೇಳುವುದರಲ್ಲಿ ತಪ್ಪಿಲ್ಲ. ಜ್ವರ ಜಾಸ್ತಿಯಾದರೆ, ಹೆರಿಗೆ ನೋವು ಬಂದರೆ ನಾವು ಓಡುವುದು ಅದೇ ಜಾಲಪ್ಪ ಆಸ್ಪತ್ರೆಗೆ. ಅದರ ಕಾಲೇಜೂ ನಮ್ಮದೇ ಅನ್ನಿಸುತ್ತದೆ. ಆದರೆ ಆ ದೇವರಾಜ ಅರಸು ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಕ್ಕೆ, ಅಂದರೆ ಕೇಂದ್ರದಿಂದ ವಿಶ್ವವಿದ್ಯಾಲಯದ ಸ್ಥಾನ ಪಡೆದ ಸಂಸ್ಥೆಗೆ ಸೇರಿದ್ದು. ತುಮಕೂರಿನ ಸಿದ್ಧಾರ್ಥವೂ ಅಷ್ಟೇ. ಡೀಮ್ಡ್ ಸೀಟು ಹಂಚುವುದು ಬೆಂಗಳೂರಿನ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಅಲ್ಲ, ದೆಹಲಿಯ ಎಂಸಿಸಿ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ). ಅಲ್ಲಿ ನೋಡುವುದು ಇಡೀ ದೇಶದ ರ‍್ಯಾಂಕ್. ಟಮಕದ ಹುಡುಗಿಯೂ ಜೈಪುರದ ಹುಡುಗನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಹೆಸರು ನೋಂದಾಯಿಸಲೇ 5,000 ರೂಪಾಯಿ, ಅದರ ಮೇಲೆ 2 ಲಕ್ಷ ಠೇವಣಿ. ಫೀಸಿನ ಮಾತು ಇನ್ನೂ ಎತ್ತಿಲ್ಲ, ಅಷ್ಟರಲ್ಲೇ ಅರ್ಧ ಜನ ಎದ್ದು ನಿಲ್ಲುತ್ತಾರೆ.

"ಹೋಗ್ಲಿ, ಚಿಕ್ಕಬಳ್ಳಾಪುರ? ಅದು ಸರ್ಕಾರಿ ತಾನೇ?" ಹೌದು. ಸರ್ಕಾರಿ ಕಾಲೇಜಿನ ನೂರು ಸೀಟಿನಲ್ಲಿ 85 ಕೆಇಎ ಕೈಯಲ್ಲಿವೆ, 15 ಎಂಸಿಸಿಗೆ ಹೋಗುತ್ತವೆ. ತುಮಕೂರಿನ ಶ್ರೀದೇವಿಯಂಥ ಖಾಸಗಿ ಕಾಲೇಜಿನಲ್ಲೂ ಸರ್ಕಾರಿ ಕೋಟಾದ ಸೀಟು ಕೆಇಎ ಮೂಲಕವೇ ಸಿಗುವುದು. ಆದರೆ ಜಿಲ್ಲೆಯವರಿಗೆ ಅಂತ ಅಲ್ಲೂ ಸೀಟು ಎತ್ತಿಟ್ಟಿಲ್ಲ. ಪ್ರದೇಶದ ಲೆಕ್ಕದಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಇರುವುದು ಕಲ್ಯಾಣ ಕರ್ನಾಟಕದವರಿಗೆ. ನಮ್ಮ ಕಡೆ ನೀರೂ ಇಲ್ಲ, ಕೋಟಾನೂ ಇಲ್ಲ ಅಂತ ನಗುತ್ತೇನೆ. ಅವರು ನಗುವುದಿಲ್ಲ.

ಹಾಗಂತ ಊರಿಗೆ ಬೆಲೆಯೇ ಇಲ್ಲ ಅಂತಲ್ಲ. ಕಾಲೇಜು ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ, ನೀವು ಎಲ್ಲಿ ಓದಿದಿರಿ ಅನ್ನುವುದು ಲೆಕ್ಕಕ್ಕಿದೆ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ 15% ಮೀಸಲು. ಅದೇ ಹತ್ತು ವರ್ಷ ಕನ್ನಡ ಮೀಡಿಯಂನಲ್ಲಿ ಓದಿದ್ದರೆ 5%. ಎರಡಕ್ಕೂ ಶಾಲೆಯಿಂದ ಸರ್ಟಿಫಿಕೇಟ್ ಬೇಕು, ಅದರ ಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು.

ಇಲ್ಲೇ ಜನ ಎಡವುವುದು. ಮುಳಬಾಗಿಲು ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಏಳರವರೆಗೆ ಊರಿನ ಶಾಲೆ. ಎಂಟಕ್ಕೆ ಟೌನಿನ ಹೈಸ್ಕೂಲು. ಹುಡುಗ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಹಳ್ಳಿಗೇ ವಾಪಸ್ ಬರುತ್ತಿದ್ದ. ಆದರೂ ಆ ಮೂರು ವರ್ಷದಿಂದ ಗ್ರಾಮೀಣ ಕೋಟಾ ಹೋಯಿತು. ಯಾಕಂದ್ರೆ ಕೆಇಎಯವರು ನೋಡುವುದು ಶಾಲೆ ಇರುವ ಜಾಗವನ್ನು, ಮನೆಯನ್ನಲ್ಲ. ಈ ನಿಯಮ ನನಗಂತೂ ಸರಿ ಅನ್ನಿಸಿಲ್ಲ. ಊರಲ್ಲಿ ಹೈಸ್ಕೂಲೇ ಇಲ್ಲದಿದ್ದರೆ ಮಗು ಇನ್ನೆಲ್ಲಿಗೆ ಹೋಗಬೇಕಿತ್ತು? ಆದರೆ ಅವನು ಹತ್ತೂ ವರ್ಷ ಓದಿದ್ದು ಕನ್ನಡದಲ್ಲೇ. ಅರ್ಜಿಯಲ್ಲಿದ್ದ ಕನ್ನಡ ಮೀಡಿಯಂ ಕಾಲಂ ಅಪ್ಪನ ಕಣ್ಣಿಗೇ ಬಿದ್ದಿರಲಿಲ್ಲ. ಅರ್ಜಿ ತಿದ್ದಲು ಕೆಇಎ ಅವಕಾಶ ಕೊಟ್ಟಾಗ ಅದನ್ನು ಸೇರಿಸಿದೆವು.

ಗಡಿಯವರು ಇನ್ನೊಂದು ಕೇಳುತ್ತಾರೆ. ಮಗಳು ಇಂಟರ್ (ನಮ್ಮ ಪಿಯುಸಿ) ಓದಿದ್ದು ಆಂಧ್ರದಲ್ಲಿ, ನಮ್ಮ ಸೀಟು ಹೋಯ್ತಾ ಅಂತ. ಹೋಗಿಲ್ಲ. ಒಂದರಿಂದ ಹನ್ನೆರಡರ ಒಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲಿ ಪಾಸಾಗಿರಬೇಕು. ಹತ್ತರವರೆಗೆ ಶ್ರೀನಿವಾಸಪುರದಲ್ಲಿ ಓದಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ.

ಮತ್ತೆ, ನೀಟ್ ಬರೆದರೆ ಸೀಟು ತಾನಾಗೇ ಬರುತ್ತದೆ ಅಂತ ಸುಮ್ನೆ ಕೂರಬೇಡಿ. ಕೆಇಎಗೆ ಬೇರೆ ಅರ್ಜಿ ಹಾಕಬೇಕು, ನೀಟ್ ನಂಬರನ್ನು ಅಲ್ಲಿ ನಾವೇ ತುಂಬಬೇಕು. ಜಾತಿ, ಆದಾಯ ಸರ್ಟಿಫಿಕೇಟಿನ ಮೇಲಿರುವ ಆರ್‌ಡಿ ನಂಬರ್ ಬೇಕು. ನಾಡಕಚೇರಿಗೆ ಈಗಲೇ ಹೋಗಿ, ಕೊನೇ ದಿನ ಸರ್ವರ್ ಯಾರ ಮಾತೂ ಕೇಳುವುದಿಲ್ಲ.

ನನ್ನ ಹತ್ತಿರ ಬರುವಾಗ ಅರ್ಜಿಗೆ ಕೊಟ್ಟ ಫೋನನ್ನೂ ತನ್ನಿ. ಅದು ಮನೆಯಲ್ಲಿ ಚಾರ್ಜಿಗೆ ಹಾಕಿದ್ದರೆ ಓಟಿಪಿ ಅಲ್ಲೇ ಬರುತ್ತದೆ, ನಾವಿಬ್ಬರೂ ಇಲ್ಲಿ ಸ್ಕ್ರೀನ್ ನೋಡಿಕೊಂಡು ಕೂತಿರುತ್ತೇವೆ.