ಊರಿನ ಬಿಯರು ಊರಿನಲ್ಲೇ: ಅಪ್ಪನೊಂದಿಗೆ ಫ್ರಾಂಕೋನಿಯಾ ಸುತ್ತಿದ್ದು

ಹುತ್ತರಿ ಹಬ್ಬಕ್ಕೆಂದು ಕೊಡಗಿನ ಪೊನ್ನಂಪೇಟೆಗೆ ಬಂದಾಗಿನಿಂದ ನೆಂಟರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ವಯಸ್ಸಾದ ಅಪ್ಪನನ್ನೂ ಸಣ್ಣ ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಿಯರು ತಯಾರಿಸುವ ಬ್ರೂವರಿಯಿಂದ ಬ್ರೂವರಿಗೆ ಹೋದಿರಂತೆ, ನಿಜವೇ? ನಿಜ. ಆಗಸ್ಟ್ ಕೊನೆಯಲ್ಲಿ ಹೋಗಿದ್ದೆವು. ಅಪ್ಪ ತನಗೆ ಹಿಡಿಸಿದ್ದನ್ನು ಈಗಾಗಲೇ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಉಳಿದದ್ದನ್ನು ನಾನು ಬರೆಯುತ್ತಿದ್ದೇನೆ.

ನಾವಿರುವುದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಬವೇರಿಯಾ ರಾಜ್ಯದ ಉತ್ತರಕ್ಕಿರುವ ಈ ಸೀಮೆಯೇ ಫ್ರಾಂಕೋನಿಯಾ. ಜರ್ಮನಿಯಲ್ಲಿ ಸುಮಾರು 1,500 ಬ್ರೂವರಿಗಳಿವೆ. ಇಲ್ಲಿಯಷ್ಟು ದಟ್ಟವಾಗಿ ಅವು ಬೇರೆಲ್ಲೂ ಸಿಗುವುದಿಲ್ಲ. ಬ್ರೂವರಿ ಎಂದರೆ ಎತ್ತರದ ಚಿಮಣಿಯ ಕಾರ್ಖಾನೆಯನ್ನೋ ಬೆಂಗಳೂರಿನ ಬ್ರೂಪಬ್‌ಗಳ ಬಣ್ಣದ ದೀಪ, ಅಬ್ಬರದ ಸಂಗೀತವನ್ನೋ ನೆನೆಯಬೇಡಿ. ಚರ್ಚಿನ ಪಕ್ಕ ಒಂದು ಹಳೆಯ ಮನೆ. ಹಿಂಭಾಗದಲ್ಲಿ ಬಿಯರು ಕಾಯಿಸುವ ಹಂಡೆಗಳು, ಮುಂಭಾಗದಲ್ಲಿ ಊಟದ ಕೋಣೆ, ಮಹಡಿಯ ಮೇಲೆ ಮನೆಯವರ ವಾಸ. ಅನೇಕ ಕಡೆ ತಲೆಮಾರುಗಳಿಂದ ಒಂದೇ ಕುಟುಂಬದ ಕೈಯಲ್ಲಿದೆ. ಅವರ ಬಿಯರು ಪಕ್ಕದ ಪಟ್ಟಣದ ಅಂಗಡಿಯಲ್ಲೂ ಸಿಗದೆ ಇರಬಹುದು. ಬೇಕೆಂದರೆ ಆ ಊರಿಗೇ ಹೋಗಬೇಕು.

ನಾವು ಮೊದಲು ಹೋದದ್ದು ಔಫ್‌ಸೆಸ್‌ಗೆ. ಸುತ್ತಲಿನ ಪುಟ್ಟ ಹಳ್ಳಿಗಳೆಲ್ಲ ಸೇರಿದರೂ ಅಲ್ಲಿನ ಜನಸಂಖ್ಯೆ 1,500 ಮೀರುವುದಿಲ್ಲ. ಬ್ರೂವರಿಗಳು ಮಾತ್ರ ನಾಲ್ಕು! ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಎಂದು ಗಿನ್ನೆಸ್ ದಾಖಲೆಗೂ ಸೇರಿದ ಊರದು. ಹೊಲ, ಕಾಡುಗಳ ನಡುವೆ ಸುಮಾರು 14 ಕಿಲೋಮೀಟರ್ ಉದ್ದದ ಕಾಲುಹಾದಿ ನಾಲ್ಕನ್ನೂ ಬೆಸೆಯುತ್ತದೆ. ಮಕ್ಕಳಿಂದ ಅಷ್ಟು ನಡೆಯಲಾಗದ ಕಾರಣ ಒಂದು ತುಂಡನ್ನಷ್ಟೇ ನಡೆದೆವು. ಮಧ್ಯಾಹ್ನದ ಊಟಕ್ಕೆ ಷಾಯ್ಫೆಲೆ ಬಂತು: ಮೂಳೆಸಹಿತ ಬೇಯಿಸಿದ ಹಂದಿಯ ಭುಜದ ಮಾಂಸ, ಮೇಲೆ ಗರಿಗರಿ ಚರ್ಮ, ಜೊತೆಗೆ ಆಲೂಗಡ್ಡೆಯ ದೊಡ್ಡ ಉಂಡೆ. ಕಡಂಬುಟ್ಟು ಮತ್ತು ಪಂದಿ ಕರಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹುಳಿಗೆ ಕಾಚಂಪುಳಿ ಒಂದಿದ್ದಿದ್ದರೆ ಎಂದು ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ.

ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜಿ, ಅವರ ಮಗಳು, ಮೊಮ್ಮಕ್ಕಳು ಕುಳಿತಿದ್ದರು. ಅಜ್ಜಿಯ ಮುಂದೆ ಅರ್ಧ ಲೀಟರ್ ಕಪ್ಪು ಬಿಯರು, ಮಕ್ಕಳ ಮುಂದೆ ಸೋಡಾ ಬೆರೆಸಿದ ಸೇಬಿನ ರಸ. ದನಿಯೇರಿಸಿದವರು ಯಾರೂ ಇಲ್ಲ, ಮುಚ್ಚಿಟ್ಟು ಕುಡಿಯುವವರೂ ಇಲ್ಲ. ಕರ್ನಾಟಕದ ಬೇರೆ ಕಡೆಯ ಗೆಳತಿಯರಿಗೆ ಇದನ್ನು ಹೇಳಿದರೆ ಮುಜುಗರಪಡುತ್ತಾರೆ. ಕೊಡಗಿನವರಿಗೆ ಅಷ್ಟು ಕಷ್ಟವಾಗುವುದಿಲ್ಲ. ಗುರು ಕಾರೋಣರಿಗೆ, ಅಂದರೆ ಕುಲದ ಪೂರ್ವಜರಿಗೆ, ಎಡೆಯಿಡುವಾಗ ಮದ್ಯವನ್ನೂ ಇಡುವವರು ನಾವು. ಮದುವೆ ಮನೆಯಲ್ಲಿ ಹಿರಿಯರ ಎದುರಿಗೇ ಲೋಟ ಹಿಡಿಯುವುದನ್ನು ನೋಡಿಯೇ ಬೆಳೆದಿದ್ದೇವೆ.

ಬಾಂಬೆರ್ಗ್ ನಗರ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿನ ಷ್ಲೆಂಕರ್ಲಾ ಎಂಬ ಹಳೆಯ ಪಾನಗೃಹದಲ್ಲಿ ಹೊಗೆಯ ಬಿಯರು ಸಿಗುತ್ತದೆ. ಮೊಳಕೆ ಬರಿಸಿದ ಬಾರ್ಲಿಯನ್ನು ಬೀಚ್ ಮರದ ಸೌದೆಯ ಬೆಂಕಿಯಲ್ಲಿ ಒಣಗಿಸುತ್ತಾರೆ, ಹೊಗೆ ಕಾಳಿಗೆ ಹತ್ತುತ್ತದೆ. ಒಂದು ಕಾಲಕ್ಕೆ ಎಲ್ಲ ಕಡೆಯೂ ಹೀಗೆಯೇ ಒಣಗಿಸುತ್ತಿದ್ದರು, ಬಿಯರಿನಲ್ಲಿ ಹೊಗೆಯ ವಾಸನೆ ಇದ್ದೇ ಇರುತ್ತಿತ್ತು. ಹೊಗೆ ತಾಗದಂತೆ ಬಿಸಿಗಾಳಿಯಲ್ಲಿ ಒಣಗಿಸುವ ಗೂಡುಗಳು ಬಂದ ಮೇಲೆ ಉಳಿದವರು ಹಳೆಯದನ್ನು ಬಿಟ್ಟರು, ಬಾಂಬೆರ್ಗ್‌ನ ಕೆಲವರು ಬಿಡಲಿಲ್ಲ. ಮೊದಲ ಗುಟುಕಿಗೆ ನನ್ನ ಗಂಡ ಮುಖ ಕಿವಿಚಿದರು. ಅಪ್ಪ ಮಾತ್ರ ಲೋಟವನ್ನು ಮೂಗಿಗೆ ಹಿಡಿದು, ಅಡುಗೆಮನೆಯ ಒಲೆಯ ಮೇಲೆ ಹೊಗೆಗೆ ಕಟ್ಟಿದ ಹಂದಿ ಮಾಂಸದ ಹಾಗೆಯೇ ಇದೆ ಎಂದು ಪೂರ್ತಿ ಕುಡಿದರು.

ಸಂಜೆಗಳನ್ನು ಕಳೆದದ್ದು ಬೆಟ್ಟದ ಇಳಿಜಾರಿನ ನೆಲಮಾಳಿಗೆಗಳ ಮೇಲಿನ ತೋಟಗಳಲ್ಲಿ. 1553ರ ಆಜ್ಞೆಯೊಂದರಂತೆ ಬವೇರಿಯಾದಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರು ತಯಾರಿಸುವಂತಿರಲಿಲ್ಲ. ಸೆಕೆಯಲ್ಲಿ ಕೆಡುತ್ತಿತ್ತು. ಚಳಿಗಾಲದಲ್ಲಿ ಮಾಡಿದ್ದನ್ನು ಬಂಡೆ ಕೊರೆದು ಮಾಡಿದ ಮಾಳಿಗೆಗಳಲ್ಲಿ ಮಂಜುಗಡ್ಡೆಯ ಜೊತೆ ಇಟ್ಟು, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟರು. ಆ ನೆರಳಿನಲ್ಲೇ ಬೆಂಚು ಹಾಕಿ ಮಾರಲು ಶುರುಮಾಡಿದಾಗ ಪಟ್ಟಣದ ಪಾನಗೃಹದವರು ತಕರಾರು ತೆಗೆದರು. 1812ರಲ್ಲಿ ರಾಜ ಒಂದು ರಾಜಿ ಮಾಡಿದ: ಬಿಯರು, ಬ್ರೆಡ್ಡು ಮಾರಬಹುದು, ಬೇರೆ ಆಹಾರ ಮಾರಬಾರದು. ಹಾಗಾಗಿ ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಇಂದಿಗೂ ಬಹಳ ಕಡೆ ಮನೆಯ ತಿಂಡಿ ಬಿಚ್ಚಿ ತಿನ್ನಬಹುದು, ಯಾರೂ ಆಕ್ಷೇಪಿಸುವುದಿಲ್ಲ. ನಾವು ಅಕ್ಕಿ ರೊಟ್ಟಿ, ಬೆಲ್ಲದ ಕಾಫಿಯ ಫ್ಲಾಸ್ಕು ಒಯ್ದಿದ್ದೆವು.

ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾಲರ್‌ಟೌ. ನ್ಯೂರೆಂಬರ್ಗ್‌ನಿಂದ ಮ್ಯೂನಿಕ್‌ಗೆ ಹೋಗುವ ಹೆದ್ದಾರಿಯ ಎರಡೂ ಬದಿಗೆ ಹಬ್ಬಿರುವ ಇದು ಒಂದೇ ಕಡೆ ಹರಡಿಕೊಂಡಿರುವ, ಜಗತ್ತಿನ ಅತಿ ದೊಡ್ಡ ಹಾಪ್ಸ್ ಸೀಮೆ. ಬಿಯರಿಗೆ ಕಹಿ, ಪರಿಮಳ ಕೊಡುವ, ಕೆಡದಂತೆ ಕಾಯುವ ಬಳ್ಳಿ ಹಾಪ್ಸ್. ನಾವು ಕಾಳುಮೆಣಸನ್ನು ಸಿಲ್ವರ್ ಓಕ್ ಮರಕ್ಕೆ ಹಬ್ಬಿಸುತ್ತೇವೆ. ಅಲ್ಲಿ ಮರವಿಲ್ಲ. ಸುಮಾರು ಏಳು ಮೀಟರ್ ಎತ್ತರದ ಕಂಬಗಳಿಂದ ಇಳಿಬಿಟ್ಟ ತಂತಿಗಳನ್ನು ಬಳ್ಳಿ ಹತ್ತುತ್ತದೆ. ವಸಂತದಲ್ಲಿ ಚಿಗುರನ್ನು ಕೈಯಿಂದಲೇ ತಂತಿಗೆ ಸುತ್ತಬೇಕು, ಆ ಕೆಲಸಕ್ಕೆ ಯಂತ್ರವಿಲ್ಲ. ಬೆಳೆಸುವುದು ಹೆಣ್ಣು ಬಳ್ಳಿಗಳನ್ನು ಮಾತ್ರ. ಗಂಡು ಬಳ್ಳಿ ಹತ್ತಿರವಿದ್ದರೆ ಹೂವಿನಲ್ಲಿ ಬೀಜ ಕಟ್ಟುತ್ತದೆ, ಅದು ಬ್ರೂವರಿಗಳಿಗೆ ಬೇಡ. ಅಪ್ಪ ಒಂದು ಹೂವನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರು. ಬೆರಳಿಗೆಲ್ಲ ಹಳದಿ ಪುಡಿ ಅಂಟಿತು. ಕಹಿಯೆಲ್ಲ ಇರುವುದು ಅದರಲ್ಲೇ.

ಕೊಯ್ಲು ಆಗಷ್ಟೇ ಶುರುವಾಗಿತ್ತು. ಬಳ್ಳಿಯನ್ನು ಬುಡದಲ್ಲೇ ಕತ್ತರಿಸಿ ಇಡಿಯಾಗಿ ಟ್ರೇಲರ್‌ನಲ್ಲಿ ಕೊಟ್ಟಿಗೆಗೆ ತರುತ್ತಾರೆ, ಹೂ ಬಿಡಿಸುವುದು ಯಂತ್ರ. ಹಿಂದೆ ಇದಕ್ಕೆ ಸಾವಿರಾರು ಜನ ದೂರದೂರಿನಿಂದ ಬರುತ್ತಿದ್ದರಂತೆ. ಕಾಫಿ ಕುಯ್ಯಲು ಆಳು ಸಿಗದೆ ಪ್ರತಿ ಡಿಸೆಂಬರ್‌ನಲ್ಲಿ ನಿದ್ದೆಗೆಡುವ ಅಪ್ಪ ಆ ಯಂತ್ರದ ಮುಂದಿನಿಂದ ಅಲುಗಾಡಲಿಲ್ಲ. ನನ್ನನ್ನು ನಡುವೆ ನಿಲ್ಲಿಸಿಕೊಂಡು ರೈತನಿಗೆ ಕೇಳಿದ್ದೇ ಕೇಳಿದ್ದು: ಬಳ್ಳಿ ಎಷ್ಟು ವರ್ಷ ಬಾಳುತ್ತದೆ, ಮಳೆ ಹಿಡಿದರೆ ಏನು ಮಾಡುತ್ತೀರಿ, ತೇವ ಎಷ್ಟಕ್ಕೆ ಇಳಿಸುತ್ತೀರಿ? ಶೇಕಡಾ 10ರ ಆಸುಪಾಸಿಗೆ ಎಂದಾಗ ಅಪ್ಪನ ಮುಖ ಅರಳಿತು. ನಮ್ಮ ಅರೇಬಿಕಾ ಪಾರ್ಚ್‌ಮೆಂಟಿಗೂ (ತೊಳೆದು ಸಿಪ್ಪೆಸಹಿತ ಒಣಗಿಸಿದ ಕಾಫಿ ಬೀಜ) ಅದೇ ಲೆಕ್ಕ.

ಕುಡಿತವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಜರ್ಮನಿಯಲ್ಲೂ ಅದರಿಂದ ಹಾಳಾದ ಮನೆಗಳಿವೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾದ ಮೇಲೂ ತೋಟದ ಕೆಲಸಗಾರರಿರುವ ನಮ್ಮ ಲೈನ್ ಮನೆಗಳ ಹೆಂಗಸರು ಪಟ್ಟ ಪಾಡನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆ ಹಳ್ಳಿಗಳಲ್ಲಿ ನನಗೆ ಮೆಚ್ಚುಗೆಯಾದದ್ದು, ಮಾಡಿದವರ ಮನೆಯಲ್ಲೇ, ಅವರ ಕಣ್ಣೆದುರೇ, ಊಟದ ಜೊತೆ ಕುಡಿಯುವ ರೀತಿ. ಅಲ್ಲಿನ ಬಾರ್ಲಿ, ನೀರು, ದುಡಿಮೆಗೆ ಸಿಗುವ ಬೆಲೆಯೂ ಊರಿನಲ್ಲೇ ಉಳಿಯುತ್ತದೆ.

ಕೊಡಗು ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ. 2019ರಲ್ಲಿ ನಮ್ಮ ಅರೇಬಿಕಾಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೂ ಮೂಟೆ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದೊಡನೆ ಯಾರ ತೋಟದ್ದೆಂಬ ಗುರುತು ಅಳಿಸಿಹೋಗುತ್ತದೆ. ಕೆಲವು ತೋಟದವರು ಸ್ವಂತ ಹೆಸರಿನಲ್ಲಿ ಹುರಿದು ಮಾರುತ್ತಿದ್ದಾರೆ, ಅವರ ಸಂಖ್ಯೆ ಹೆಚ್ಚಬೇಕು. ಪ್ರತಿ ನಾಡಿನಲ್ಲೂ ಮನೆಯ ಮುಂದಿನ ಕಣದ ಪಕ್ಕ ನಾಲ್ಕು ಬೆಂಚು, ಆ ತೋಟದ್ದೇ ಕಾಫಿ, ಒಂದು ತಟ್ಟೆ ನೂಪುಟ್ಟು ಸಿಗುವಂತಾಗಬೇಕು. ಅಪ್ಪನಿಗೆ ಇದನ್ನು ಹೇಳಿ ಹೇಳಿ ಈ ಸಲ ಒಂದಿಷ್ಟು ಅರೇಬಿಕಾವನ್ನು ಮನೆಯಲ್ಲೇ ಹುರಿಯಲು ತೆಗೆದಿಡುವಂತೆ ಒಪ್ಪಿಸಿದ್ದೇನೆ.

ಆ ಕಡೆ ಬರುವವರಿಗೆ ಇಷ್ಟು ತಿಳಿದಿರಲಿ. ಹಳ್ಳಿಯ ಬ್ರೂವರಿಗಳಿಗೆ ವಾರದಲ್ಲಿ ಒಂದೆರಡು ದಿನ ರಜೆ ಇರುತ್ತದೆ, ಮೊದಲೇ ವಿಚಾರಿಸಿ. ಜೇಬಿನಲ್ಲಿ ನಗದು ಇರಲಿ. ಕಾರು ಓಡಿಸುವವರು ಮದ್ಯವಿಲ್ಲದ ಬಿಯರನ್ನೇ ಕೇಳಲಿ, ಅದು ಎಲ್ಲ ಕಡೆ ಸಿಗುತ್ತದೆ, ರುಚಿಯಾಗಿಯೂ ಇರುತ್ತದೆ. ಎಷ್ಟೋ ಬ್ರೂವರಿಗಳಲ್ಲಿ ರಾತ್ರಿ ತಂಗಲು ಕೊಠಡಿಗಳಿವೆ. ಹಾಪ್ಸ್ ಕೊಯ್ಲು ಸೆಪ್ಟೆಂಬರ್ ಮಧ್ಯದವರೆಗೆ ನಡೆಯುವುದರಿಂದ, ಸೆಪ್ಟೆಂಬರ್ ಮೊದಲ ವಾರದ ನಮ್ಮ ಕೈಲ್ ಮುಹೂರ್ತ ಹಬ್ಬ ಮುಗಿಸಿ ಹೊರಟರೂ ನೋಡಲು ಸಿಗುತ್ತದೆ.